ಆಲಮಟ್ಟಿ, ಹಿಡಕಲ್, ನವಿಲುತೀರ್ಥ: ಮೂರು ಡ್ಯಾಮಿನ ಗ್ರಾಫ್ ಒಂದೇ ಪುಟದಲ್ಲಿ

ಮುಧೋಳ, ಜಮಖಂಡಿ, ರಾಮದುರ್ಗದ ಹೊಳೆದಂಡೆಯಲ್ಲಿ ಮಳೆಗಾಲಕ್ಕೆ ಕೇಳಿಬರುವ ಪ್ರಶ್ನೆ ಎರಡೇ. ಡ್ಯಾಮ್ ಈಗ ಎಷ್ಟು ತುಂಬೇತಿ? ಹೋದ ವರ್ಷ ಇದ ಹೊತ್ತಿಗೆ ಎಷ್ಟಿತ್ತು? ದಿನದ ಅಂಕಿ ಎಲ್ಲರ ಮೊಬೈಲಿಗೂ ಬರುತ್ತದೆ, ಆದರೆ ಎರಡನೇ ಪ್ರಶ್ನೆಗೆ ಉತ್ತರ ಬೇಕೆಂದರೆ ಗ್ರಾಫೇ ಆಗಬೇಕು. ಬಾಗಲಕೋಟೆಯಿಂದ ನಡೆಸುವ ಪುಟಕ್ಕೆ ನಾನು ಬಳಸುವುದು ಡೈಗ್ರಾಫ್ಸ್, ಬ್ರೌಸರಿನಲ್ಲೇ ಗ್ರಾಫ್ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ. ಉಚಿತ, ಸರ್ವರ್ ಕಡೆ ಏನೂ ಬೇಡ, ಒಂದು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಅಂಕಿಗಳ) ಫೈಲ್ ಕೊಟ್ಟರೆ ಸಾಕು. ಎರಡನೇ ಆವೃತ್ತಿಯಿಂದ ಅದರ ಸಿಎಸ್ಎಸ್ (ರೂಪವಿನ್ಯಾಸದ) ಫೈಲನ್ನು ಬೇರೆಯಾಗಿ ಸೇರಿಸಬೇಕು. ಅದನ್ನು ಬಿಟ್ಟರೆ ಗ್ರಾಫ್ ಬರುತ್ತದೆ, ಅಕ್ಷರಗಳು ಮಾತ್ರ ಎಲ್ಲೆಲ್ಲೋ ಬೀಳುತ್ತವೆ.

ಕೆಲಸದ ಮುಕ್ಕಾಲು ಪಾಲು ಇರುವುದು ಸಿಎಸ್‌ವಿಯಲ್ಲೇ. ನಾವು ರೂಢಿಯಲ್ಲಿ ಬರೆಯುವ 05/08/2024 ಎಂಬುದನ್ನು ಬ್ರೌಸರ್ ಮೇ 8 ಎಂದು ಓದುತ್ತದೆ. 13ನೇ ತಾರೀಖಿನಿಂದ ತಿಂಗಳಿನ ಜಾಗದಲ್ಲಿ 13 ಕಂಡು ಓದಲಾಗದೆ ಕೈಬಿಡುತ್ತದೆ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನ ವರ್ಷದ ತುಂಬ ಚೆಲ್ಲಾಪಿಲ್ಲಿಯಾಗಿ, ಉಳಿದದ್ದು ಕಾಣೆಯಾಗಿದ್ದರೆ ಕಾರಣ ಇದೇ. 2024/08/05 ಎಂದು ವರ್ಷ ಮೊದಲು, ಓರೆಗೆರೆ ಹಾಕಿ ಬರೆಯಿರಿ. ನಿಮ್ಮದೇ ಜಾವಾಸ್ಕ್ರಿಪ್ಟಿನಲ್ಲಿ ದಿನಾಂಕ ಕಟ್ಟುವಾಗ ಅಡ್ಡಗೆರೆ ಹಾಕಿದ 2024-08-05 ಕೊಟ್ಟರೆ ಅದು ಗ್ರೀನ್‌ವಿಚ್ ಮಧ್ಯರಾತ್ರಿಯಾಗುತ್ತದೆ, ಅಂದರೆ ನಮ್ಮಲ್ಲಿ ಬೆಳಗಿನ ಐದೂವರೆ. ನಮಗೆ ತೊಂದರೆ ಕಾಣುವುದಿಲ್ಲ. ಅಮೆರಿಕದಲ್ಲಿ ಕೂತು ಊರಿನ ನೀರು ನೋಡುವವರಿಗೆ ಹಿಂದಿನ ದಿನದ ತಾರೀಖು ಕಾಣುತ್ತದೆ.

ಎರಡನೆಯದು, ಅಂಕಿ ಸಿಗದ ದಿನಗಳು. ಆ ದಿನದ ಸಾಲನ್ನೇ ಬಿಟ್ಟರೆ ಡೈಗ್ರಾಫ್ಸ್ ಹಿಂದುಮುಂದಿನ ಬಿಂದುಗಳಿಗೆ ನೇರ ಗೆರೆ ಎಳೆದು ಮುಚ್ಚಿಬಿಡುತ್ತದೆ. ಸೊನ್ನೆ ಹಾಕಿದರೆ ಡ್ಯಾಮ್ ಒಂದೇ ದಿನಕ್ಕೆ ಬರಿದಾದಂತೆ ಗೆರೆ ತಳಕ್ಕೆ ಬೀಳುತ್ತದೆ. ಸರಿಯಾದದ್ದು: ತಾರೀಖು ಇರಲಿ, ಅದರ ಮುಂದಿನ ಖಾನೆ ಖಾಲಿ ಇರಲಿ. ಆಗ ಗೆರೆ ಅಲ್ಲಿ ಕಡಿಯುತ್ತದೆ. ನೆರೆ ಬಂದ ವಾರದಲ್ಲೇ ಅಂಕಿ ತಪ್ಪುವುದು ಜಾಸ್ತಿ, ಅಲ್ಲಿ ನೇರ ಗೆರೆ ಎಳೆದರೆ ಏರಿದ್ದೂ ಕಾಣದು, ಇಳಿದದ್ದೂ ಕಾಣದು. ‘ಕನೆಕ್ಟ್ ಸೆಪರೇಟೆಡ್ ಪಾಯಿಂಟ್ಸ್’ ಎಂಬ ಆಯ್ಕೆಯನ್ನು ಅಂದಕ್ಕಾಗಿ ಆನ್ ಮಾಡುವವರಿದ್ದಾರೆ. ಬೇಡ. ಒಂದು ಸರಣಿ ದಿನಕ್ಕೊಮ್ಮೆ, ಇನ್ನೊಂದು ಗಂಟೆಗೊಮ್ಮೆ ಬರುವಾಗ ಮಾತ್ರ ಅದರ ಕೆಲಸ. ಆಗಲೂ ನಿಜವಾಗಿ ಅಂಕಿ ಇಲ್ಲದ ಕಡೆ ಎನ್‌ಎಎನ್ (NaN, ಅಂದರೆ ‘ಅಂಕಿಯಲ್ಲ’) ಎಂದು ಬರೆದರೆ ಕಡಿತ ಉಳಿಯುತ್ತದೆ.

ಟೈಪಿಂಗ್ ತಪ್ಪು ಹಿಡಿಯಲು ಸುಲಭದ ಲೆಕ್ಕವೊಂದಿದೆ. 11,574 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಒಳಹರಿವು 80,000, ಹೊರಹರಿವು 20,000 ಇದ್ದರೆ ಸಂಗ್ರಹ ಸುಮಾರು 5.2 ಟಿಎಂಸಿ ಏರಿರಬೇಕು. ಅಳತೆಯ ಸಮಯ, ಆವಿಯ ಕಾರಣಕ್ಕೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಅರ್ಧಕ್ಕರ್ಧ ವ್ಯತ್ಯಾಸ ಬಂದರೆ ಎಲ್ಲೋ ಒಂದು ಸೊನ್ನೆ ಬಿಟ್ಟುಹೋಗಿದೆ. ಫೈಲ್ ಏರಿಸುವ ಮೊದಲು ಈ ಪರೀಕ್ಷೆಯನ್ನು ಸ್ಕ್ರಿಪ್ಟಿಗೇ ಬಿಟ್ಟಿದ್ದೇನೆ.

ಮೂರನ್ನೂ ಹೋಲಿಸುವ ಗ್ರಾಫಿನಲ್ಲಿ ನೀರಿನ ಮಟ್ಟ ಹಾಕಬಾರದು. ಆಲಮಟ್ಟಿಯ ಗರಿಷ್ಠ ಮಟ್ಟ 519.60 ಮೀಟರ್. ಹಿಡಕಲ್‌ನದು 2175 ಅಡಿ, ನವಿಲುತೀರ್ಥದ್ದು 2079.50 ಅಡಿ. ಅಡಿಯನ್ನು ಮೀಟರಿಗೆ ತಿರುಗಿಸಿದರೂ ಪ್ರಯೋಜನವಿಲ್ಲ, ಸಮುದ್ರಮಟ್ಟದಿಂದ ಅವು ಇರುವ ಎತ್ತರವೇ ಬೇರೆ. ಅದಲ್ಲದೆ ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಮೇಲಿನ ಒಂದು ಮೀಟರಿನಲ್ಲಿರುವ ನೀರು ಕೆಳಗಿನ ಒಂದು ಮೀಟರಿಗಿಂತ ಬಹಳ ಹೆಚ್ಚು. ಹಾಗಾಗಿ ಸಂಗ್ರಹವನ್ನು ಪೂರ್ಣ ಸಾಮರ್ಥ್ಯದಿಂದ ಭಾಗಿಸಿ ಶೇಕಡಾವಾರು ತೋರಿಸುತ್ತೇನೆ: ಆಲಮಟ್ಟಿಗೆ 123.08 ಟಿಎಂಸಿ, ಹಿಡಕಲ್‌ಗೆ 51, ನವಿಲುತೀರ್ಥಕ್ಕೆ 37.73.

ಮಟ್ಟದ ಗ್ರಾಫ್ ಡ್ಯಾಮಿಗೊಂದು ಬೇರೆ. ಅಲ್ಲಿ ಲಂಬ ಅಕ್ಷ ಸೊನ್ನೆಯಿಂದ ಶುರುವಾದರೆ ಇಡೀ ವರ್ಷದ ಏರಿಳಿತ ಒಂದು ಅಡ್ಡಗೆರೆಯಾಗಿ ಮಲಗಿಬಿಡುತ್ತದೆ. ‘ವ್ಯಾಲ್ಯೂ ರೇಂಜ್’ನಲ್ಲಿ ಕೆಳಮಿತಿಗೆ ನಲ್ (null, ಅಂದರೆ ಖಾಲಿ), ಆಲಮಟ್ಟಿಯ ಮೇಲ್ಮಿತಿಗೆ 520.5 ಕೊಟ್ಟರೆ ತಳವನ್ನು ಅದೇ ಹೊಂದಿಸಿಕೊಳ್ಳುತ್ತದೆ, 519.60ರ ಗೆರೆಗೂ ಮೇಲೆ ಜಾಗ ಉಳಿಯುತ್ತದೆ. ಆ ಗೆರೆಯನ್ನು ‘ಅಂಡರ್‌ಲೇ ಕಾಲ್‌ಬ್ಯಾಕ್’ನಲ್ಲಿ (ಗ್ರಾಫಿನ ಹಿಂದೆ ಬಿಡಿಸುವ ಫಂಕ್ಷನ್) ಎಳೆಯಬೇಕು. ಅದಕ್ಕಾಗಿ ಇನ್ನೊಂದು ಸರಣಿ ಸೇರಿಸಿದರೆ ಬೆರಳಿಟ್ಟಲ್ಲೆಲ್ಲ ಲೆಜೆಂಡಿನಲ್ಲಿ (ಅಂಕಿ ತೋರಿಸುವ ಪಟ್ಟಿಯಲ್ಲಿ) 519.60 ಕಾಣಿಸಿ ಕಿರಿಕಿರಿ.

ಮಟ್ಟದ ಕೆಳಗೆ ಒಳಹರಿವು, ಹೊರಹರಿವಿನ ಗ್ರಾಫ್. ಒಂದನ್ನು ಸರಿಸಿದರೆ ಇನ್ನೊಂದೂ ಸರಿಯಲೆಂದು ಸಿಂಕ್ರೊನೈಜರ್ ಜೋಡಿಸಿದ್ದೇನೆ. ಅದರಲ್ಲಿ ‘ರೇಂಜ್’ ತಾನಾಗಿಯೇ ಆನ್ ಇರುತ್ತದೆ, ಆಫ್ ಮಾಡಿ. ಇಲ್ಲದಿದ್ದರೆ ಲಂಬ ಅಕ್ಷವೂ ಒಂದಾಗಿ, ಲಕ್ಷದ ಕ್ಯೂಸೆಕ್ಕಿನ ಎದುರು ಐನೂರರ ಮೀಟರ್ ನೆಲಕಚ್ಚುತ್ತದೆ. ಗೇಟ್ ತೆರೆದಾಗ ಹರಿವು ಒಮ್ಮೆಗೇ ಜಿಗಿಯುವುದರಿಂದ ಹೊರಹರಿವಿಗೆ ‘ಸ್ಟೆಪ್ ಪ್ಲಾಟ್’ (ಮೆಟ್ಟಿಲಿನಂಥ ಗೆರೆ) ಒಪ್ಪುತ್ತದೆ. ‘ರೋಲ್ ಪಿರಿಯಡ್’ 7 ಇಟ್ಟರೆ ಒಳಹರಿವಿನ ಗೆರೆ ನುಣುಪಾಗುತ್ತದೆ ನಿಜ, ಆದರೆ ಅದು ಹಿಂದಿನ ಬಿಂದುಗಳ ಸರಾಸರಿ. ಆಗಸ್ಟ್ 2019ರಂಥ ನೆರೆಯ ತುದಿ ತಗ್ಗುತ್ತದೆ, ತಡವಾಗಿಯೂ ಕಾಣುತ್ತದೆ. ನನ್ನ ಪುಟದಲ್ಲಿ ಅದು 1, ಅಂದರೆ ಸರಾಸರಿಯೇ ಇಲ್ಲ.

ವರ್ಷ-ವರ್ಷ ಹೋಲಿಸಲು ಜೂನ್ 1ರಿಂದ ಮೇ 31ರವರೆಗೆ ಒಂದು ಗೆರೆ. ಎಲ್ಲ ವರ್ಷಗಳನ್ನೂ ಒಂದೇ ಸುಳ್ಳು ವರ್ಷಕ್ಕೆ ತಂದು ಕೂರಿಸಬೇಕು. ನಾನು ಆರಿಸಿದ್ದು 2023ರ ಜೂನ್‌ನಿಂದ 2024ರ ಮೇ, ಏಕೆಂದರೆ ಅದರಲ್ಲಿ ಫೆಬ್ರವರಿ 29 ಇದೆ. ಬೇರೆ ವರ್ಷ ಆರಿಸಿದರೆ ಅಧಿಕ ವರ್ಷದ ಆ ದಿನ ಮಾರ್ಚ್ 1ರ ಮೇಲೆ ಬಂದು ಕೂರುತ್ತದೆ. ಅಕ್ಷದಲ್ಲಿ ದಿನ, ತಿಂಗಳು ಮಾತ್ರ ತೋರಿಸಿ, ಸುಳ್ಳು ವರ್ಷ ಯಾರ ಕಣ್ಣಿಗೂ ಬೀಳಬಾರದು. ತಿಂಗಳ ಹೆಸರಿಗೆ ಕನ್ನಡ ಲೊಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್) ಕೊಟ್ಟರೆ ಸಾಕು, ಹೆಸರು ಉದ್ದವಾದ್ದರಿಂದ ‘ಪಿಕ್ಸೆಲ್ಸ್ ಪರ್ ಲೇಬಲ್’ ಹೆಚ್ಚಿಸಬೇಕು. ಅಂಕಿಗೆ ಮಾತ್ರ ಇಂಗ್ಲಿಷ್-ಇಂಡಿಯಾ ಲೊಕೇಲ್ ಇಡುತ್ತೇನೆ, 2,50,000 ಎಂದು ನಮ್ಮ ಲಕ್ಷದ ಲೆಕ್ಕದಲ್ಲೇ ಬರುತ್ತದೆ.

ಮೊಬೈಲಿನದು ಬೇರೆ ತಕರಾರು. ಮಾಮೂಲಿ ಸೆಟ್ಟಿಂಗಿನಲ್ಲಿ ಬೆರಳು ಗ್ರಾಫಿನ ಮೇಲಿದ್ದರೆ ಪುಟ ಸರಿಯುವುದಿಲ್ಲ, ಸ್ಪರ್ಶವನ್ನು ಗ್ರಾಫೇ ನುಂಗುತ್ತದೆ. ಗ್ರಾಫ್ ಪರದೆ ತುಂಬಿದ್ದರೆ ಓದುಗ ಅಲ್ಲೇ ಸಿಕ್ಕಿಬಿದ್ದ. ‘ಇಂಟರ‍್ಯಾಕ್ಷನ್ ಮಾಡೆಲ್’ಗೆ ಖಾಲಿ ಆಬ್ಜೆಕ್ಟ್ ಕೊಟ್ಟು (ಗ್ರಾಫ್ ಸ್ಪರ್ಶಕ್ಕೆ ಸ್ಪಂದಿಸದಂತೆ), ಹಿಗ್ಗಿಸಲು ಕೆಳಗಿನ ರೇಂಜ್ ಸೆಲೆಕ್ಟರನ್ನಷ್ಟೇ (ಅವಧಿ ಆರಿಸುವ ಪಟ್ಟಿ) ಉಳಿಸಿ. ಡ್ಯಾಮಿಗೊಂದು ಟ್ಯಾಬ್ ಮಾಡಿದ್ದರೆ, ಮುಚ್ಚಿದ ಟ್ಯಾಬಿನಲ್ಲಿ ಹುಟ್ಟಿದ ಗ್ರಾಫಿಗೆ ಅಗಲವೇ ಇರುವುದಿಲ್ಲ. ಟ್ಯಾಬ್ ತೆರೆದ ಕೂಡಲೇ ‘ರಿಸೈಜ್’ ಕರೆಯಬೇಕು.