ಏನು ಉಂಡಿ ಅಂತ ಕೇಳಿದೆ, ಎಲ್ಲಿ ಮಲಗಿದ್ದಿ ಅಂತ ಕೇಳಲಿಲ್ಲ

ಕಾರಹುಣ್ಣಿಮೆಯ ಮರುದಿನ. ಹುನಗುಂದದ ಕಡೆಯ ನಮ್ಮ ಸಣ್ಣ ದವಾಖಾನೆಗೆ ಬೆಳಗಿನಿಂದ ಬಂದವರೆಲ್ಲ ಹೋಳಿಗೆ ಉಂಡು ಹೊಟ್ಟೆ ಕೆಡಿಸಿಕೊಂಡವರೇ. ಹದಿನಾರರ ಹುಡುಗನೊಬ್ಬ ಹೊಟ್ಟೆ ಹಿಡಿದುಕೊಂಡು ಬಂದಾಗ, ಅವನು ಬಾಯಿ ತೆರೆಯುವ ಮೊದಲೇ ನನ್ನ ಮನಸ್ಸಿನಲ್ಲಿ ಚೀಟಿ ಬರೆದಾಗಿತ್ತು.

"ನಿನ್ನೆ ಏನ್ ಉಂಡಿ?"

"ಹೋಳಿಗಿರಿ."

ಅಷ್ಟೇ. ಒಂದು ಇಂಜೆಕ್ಷನ್, ಸಲೈನ್.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಬಂದರು. "ಸರ, ಆ ಹುಡುಗನ ಕಣ್ಣರೆಪ್ಪಿ ಮ್ಯಾಲ ಏಳವಲ್ದು." ನಾನು, "ರಾತ್ರಿಯೆಲ್ಲಾ ನಿದ್ದಿಲ್ಲ, ಅದಕ್ಕ" ಅಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ನನ್ನ ನಿರ್ಣಯಕ್ಕೆ ಹೊಂದದ ಲಕ್ಷಣ ಎದುರಿಗೆ ಬಂದಿತ್ತು. ನಿರ್ಣಯ ಹಾಗೇ ಇಟ್ಟುಕೊಂಡು, ಲಕ್ಷಣಕ್ಕೇ ಒಂದು ನೆಪ ಹುಡುಕಿದೆ.

ಅರ್ಧ ತಾಸಿನಲ್ಲಿ ಅವನಿಗೆ ಉಗುಳು ನುಂಗಲೂ ಆಗಲಿಲ್ಲ. ಆಗ ಕೇಳಿದೆ, ರಾತ್ರಿ ಎಲ್ಲಿ ಮಲಗಿದ್ದಿ ಅಂತ. ಹೊಲದ ಗುಡಿಸಲಲ್ಲಿ, ನೆಲದ ಮೇಲೆ, ಅಂದರು ಅವನ ಅವ್ವ. ಕಟ್ಟುಹಾವು! ಮಲಗಿದವರನ್ನು ಕಚ್ಚುವುದು ಅದರ ರೂಢಿ. ಬಾವು ಬರುವುದಿಲ್ಲ, ಹಲ್ಲಿನ ಗುರುತು ಎಷ್ಟೋ ಸಲ ಕಾಣುವುದಿಲ್ಲ, ಬೆಳಗಿನ ಹೊಟ್ಟೆನೋವೇ ಮೊದಲ ದೂರು ಆಗಿರಬಹುದು. ವಿಷ ರಕ್ತವನ್ನಲ್ಲ, ನರಗಳನ್ನು ಹಿಡಿಯುವುದರಿಂದ, ಹಾವು ಕಚ್ಚಿದವರ ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ 20 ನಿಮಿಷದ ಪರೀಕ್ಷೆಯೂ ಸರಿಯಾಗಿಯೇ ಬರುತ್ತದೆ. 10 ವಯಲ್ ಪ್ರತಿವಿಷ ಹಾಕಿ, ಕೈಯಿಂದ ಉಸಿರು ಕೊಡುವ ಆಂಬು ಬ್ಯಾಗ್ ಒತ್ತುತ್ತಲೇ ಬಾಗಲಕೋಟೆಗೆ ಒಯ್ದೆವು. ನಾಲ್ಕು ದಿನ ವೆಂಟಿಲೇಟರ್ ಮೇಲಿದ್ದು ಬದುಕಿದ.

ಥಟ್ಟನೆ ನೆನಪಾಗುವುದನ್ನೇ ಹೆಚ್ಚು ಸಂಭವ ಎಂದು ಮನಸ್ಸು ಎಣಿಸುತ್ತದೆಂದು ಮನೋವಿಜ್ಞಾನಿಗಳಾದ ಟ್ವೆರ್ಸ್ಕಿ, ಕಾನೆಮನ್ ಎಪ್ಪತ್ತರ ದಶಕದಲ್ಲೇ ತೋರಿಸಿದ್ದರು. ನಾನು ಅದನ್ನು ಓದಿದ್ದೆ. ಹೋಳಿಗೆಯ ಮುಂದೆ ಆ ಓದು ನಿಲ್ಲಲಿಲ್ಲ.

ಆಮೇಲೆ ಒಂದು ತಿಂಗಳು ಯಾರ ಹೊಟ್ಟೆ ನೋಯ್ದರೂ ನನಗೆ ಹಾವೇ ಕಾಣತೊಡಗಿತು. ಇದೂ ಅದೇ ತಪ್ಪು, ಮಗ್ಗುಲು ಬದಲಿಸಿತ್ತು ಅಷ್ಟೆ. ಒಬ್ಬ ಹೆಣ್ಣುಮಗಳ ಕಾಲಲ್ಲಿ ನಾನು ಹಲ್ಲಿನ ಗುರುತು ಹುಡುಕುತ್ತಿದ್ದಾಗ ಸಿಸ್ಟರ್ ಕೇಳಿದರು, "ಮುಟ್ಟು ಯಾವಾಗ ಆಗಿತ್ತವಾ?" ಎರಡು ತಿಂಗಳಿಂದ ಆಗಿರಲಿಲ್ಲ. ಗರ್ಭ ಗರ್ಭಕೋಶದಲ್ಲಲ್ಲ, ನಾಳದಲ್ಲಿ ನಿಂತಿತ್ತು.

ಅಂದಿನಿಂದ ನಮ್ಮ ಕೇಸ್ ಪೇಪರಿನಲ್ಲಿ ರೋಗದ ಹೆಸರಿನ ಕೆಳಗೆ ಒಂದು ಸಾಲು ಖಾಲಿ ಇರುತ್ತದೆ: ಇದಕ್ಕೆ ಹೊಂದದ್ದು ಏನು? ಆ ಸಾಲು ನಾನು ಬರೆಯುವುದಿಲ್ಲ, ಸಿಸ್ಟರ್ ಬರೆಯುತ್ತಾರೆ. ಅದನ್ನು ಓದದೆ ನಾನು ಸಹಿ ಹಾಕುವುದಿಲ್ಲ.