ಪ್ರಶ್ನೆ ಹಾಳೆ ಮಡಚಿ ಬ್ಯಾಗಿಗೆ ಹಾಕಿದ ಮೇಲೆ

ನಾನು ಸೋಶಿಯಲ್ ಡಿಸೈನರ್, ಅಂದರೆ ಜನರ ದಿನನಿತ್ಯದ ಕಷ್ಟಗಳನ್ನು ಹತ್ತಿರದಿಂದ ನೋಡಿ ಪರಿಹಾರ ವಿನ್ಯಾಸ ಮಾಡುವವಳು. ಒಂದು ಸಂಸ್ಥೆಯವರು ಕೆಲಸ ಕೊಟ್ಟಿದ್ದರು. ವಯಸ್ಸಾದವರು ಮಾತ್ರೆ ತೆಗೆದುಕೊಳ್ಳುವುದನ್ನು ಮರೆಯುತ್ತಾರೆ, ಫೋನಿಗೆ ನೆನಪಿನ ಮೆಸೇಜ್ ಹೋಗುವಂತೆ ಏನಾದರೂ ವಿನ್ಯಾಸ ಮಾಡಿಕೊಡಿ ಅಂತ. ನಾನು 17 ಪ್ರಶ್ನೆ ಬರೆದುಕೊಂಡೆ. ಒಂದೊಂದು ಮನೆಗೆ 45 ನಿಮಿಷ ಅಂತ ಲೆಕ್ಕ ಹಾಕಿದೆ. ಜೊತೆಗೆ ಟಿಪ್ಪಣಿ ಬರೆಯಲು ಒಬ್ಬ ಸಹೋದ್ಯೋಗಿ.

ಮೊದಲ ಮನೆಯಲ್ಲೇ ಲೆಕ್ಕ ತಪ್ಪಿತು. ನಾನು ಅಜ್ಜಿಯನ್ನು ಕೇಳಿದರೆ ಉತ್ತರ ಕೊಡುತ್ತಿದ್ದವರು ಸೊಸೆ. "ನಮ್ಮತ್ತೆಗೆ ಮರೆವು ಜಾಸ್ತಿ" ಅಂತ ಅವರೇ ಹೇಳಿಬಿಟ್ಟರು. ಅಜ್ಜಿ ಸೆರಗಿನ ಅಂಚು ಸುತ್ತುತ್ತಾ ಕೂತಿದ್ದರು. ಆರನೇ ಪ್ರಶ್ನೆಗೆ ನನಗೇ ಸಾಕಾಯಿತು. ಹಾಳೆ ಮಡಚಿ ಬ್ಯಾಗಿಗೆ ಹಾಕಿದೆ. "ಅಜ್ಜಿ, ನಿಮ್ಮ ಮಾತ್ರೆ ಎಲ್ಲಿಡ್ತೀರಿ, ಸ್ವಲ್ಪ ತೋರಿಸ್ತೀರಾ?" ಅಂದೆ.

ಅಜ್ಜಿ ಎದ್ದರು. ಸಹೋದ್ಯೋಗಿ ಸೊಸೆಯ ಜೊತೆ ಮಾತಿಗೆ ಕೂತರು. ಇದನ್ನು ನಾವು ಮೊದಲೇ ಮಾತಾಡಿಕೊಂಡಿರಲಿಲ್ಲ, ಕಣ್ಸನ್ನೆಯಲ್ಲೇ ಆಯಿತು. ಒಳಗೆ ಒಂದು ತಗಡಿನ ಡಬ್ಬಿ. ಅದರ ತುಂಬ ಮಾತ್ರೆಯ ಪಟ್ಟಿಯಿಂದ (ಸ್ಟ್ರಿಪ್) ಕತ್ತರಿಯಲ್ಲಿ ಒಂದೊಂದಾಗಿ ಕತ್ತರಿಸಿದ ಮಾತ್ರೆ. ದಿನದ ಲೆಕ್ಕಕ್ಕೆ ಸುಲಭ ಅಂತ ಅಜ್ಜಿಯೇ ಕತ್ತರಿಸಿಟ್ಟಿದ್ದರು. ಆದರೆ ಪಟ್ಟಿ ಕತ್ತರಿಸಿದರೆ ಹೆಸರು ಒಂದು ತುಂಡಿಗೆ, ಅವಧಿ ಮುಗಿಯುವ ದಿನಾಂಕ ಇನ್ನೊಂದಕ್ಕೆ ಹೋಗುತ್ತದಲ್ವಾ? ಒಂದೇ ಅಳತೆಯ ಎರಡು ಬಿಳಿ ಮಾತ್ರೆ ಅಂಗೈಯಲ್ಲಿಟ್ಟು, "ಇದು ಬೆಳಿಗ್ಗೇದೋ ರಾತ್ರೀದೋ ಅಂತ ಅನುಮಾನ ಬಂದ್ರೆ ಸುಮ್ನೆ ಬಿಟ್ಬಿಡ್ತೀನಮ್ಮಾ" ಅಂದರು. ಮರೆವಲ್ಲ, ಅನುಮಾನ. ಇನ್ನು ಮೆಸೇಜ್ ಬರಬೇಕಾದ ಫೋನು? ಅದು ಮಗನ ಜೇಬಿನಲ್ಲಿ, ಅವನ ಆಫೀಸಿನಲ್ಲಿ.

ಅಲ್ಲೇ ಫೋಟೋ ತೆಗೆಯಲು ಕೈ ಹೋಯಿತು, ತಡೆದುಕೊಂಡೆ. ಅವರು ಒಪ್ಪಿದ್ದು ಮಾತು ರೆಕಾರ್ಡ್ ಮಾಡಲು ಮಾತ್ರ. ನಾನು ಯೋಜನೆ ಬದಲಿಸಿದ ಮಾತ್ರಕ್ಕೆ ಅವರ ಒಪ್ಪಿಗೆಯೂ ಬದಲಾಗುವುದಿಲ್ಲ. ಡಬ್ಬಿಯದು ಮಾತ್ರ, ಮುಖ ಬರಲ್ಲ ಅಂತ ಹೇಳಿ ಮತ್ತೆ ಕೇಳಿದೆ. ಒಪ್ಪಿದರು.

ಆ ಖುಷಿಯಲ್ಲಿ ಒಂದು ತಪ್ಪನ್ನೂ ಮಾಡಿದೆ. ಮುಂದಿನ ಮೂರು ಮನೆಗಳಲ್ಲಿ ಹಾಳೆಯನ್ನೇ ತೆಗೆಯಲಿಲ್ಲ. ಮಾತು ಹೋದ ಕಡೆ ಹೋದೆ. ಕಥೆಗಳೇನೋ ಸಿಕ್ಕವು. ಸಂಜೆ ಕೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಲು ಕೂತಾಗ ಒಂದು ಮನೆಯನ್ನು ಇನ್ನೊಂದಕ್ಕೆ ಹೋಲಿಸಲು ಏನೂ ಇರಲಿಲ್ಲ. ಮಾತ್ರೆ ಯಾರು ತಂದುಕೊಡುತ್ತಾರೆ ಅಂತ ಇಬ್ಬರನ್ನು ಕೇಳೇ ಇರಲಿಲ್ಲ! ಅವತ್ತು ರಾತ್ರಿ 17 ಪ್ರಶ್ನೆಯ ಪಟ್ಟಿ ಬಿಟ್ಟು ಮೂರೇ ಪ್ರಶ್ನೆ ಇಟ್ಟುಕೊಂಡೆವು: ಯಾರು ತರುತ್ತಾರೆ, ಎಲ್ಲಿಡುತ್ತೀರಿ, ನಿನ್ನೆ ತೆಗೆದುಕೊಂಡಿದ್ದು ಹೇಗೆ. ಇವು ಮೂರು ಎಲ್ಲರಿಗೂ, ಮಿಕ್ಕಿದ್ದು ಆ ಮನೆ ಕರೆದುಕೊಂಡು ಹೋದಂತೆ. "ಸಾಮಾನ್ಯವಾಗಿ ಹೇಗೆ" ಅಂತ ಕೇಳಿದರೆ ಎಲ್ಲರೂ ಒಳ್ಳೆಯ ಮಕ್ಕಳೇ. "ನಿನ್ನೆ" ಅಂದಾಗ ನಿಜ ಬರುತ್ತದೆ.

ಇಬ್ಬರಿಗೆ ನಮ್ಮ ಸಮಯ ಹೊಂದಲೇ ಇಲ್ಲ. ತಮಗೆ ಬಿಡುವಾದಾಗ ತಾವೇ ಬರೆದಿಡಲಿ ಅಂತ ಅವರಿಗೆ ಪುಟ್ಟ ಪುಸ್ತಕ, ಪೆನ್ನು, ಕೆಲವು ಚಿತ್ರದ ಕಾರ್ಡು ಬಿಟ್ಟು ಬಂದೆವು. ಉಪಾಯ ನನ್ನದಲ್ಲ. ವಿನ್ಯಾಸ ಸಂಶೋಧಕ ಬಿಲ್ ಗೇವರ್ ಮತ್ತು ಜೊತೆಗಾರರು ಯುರೋಪಿನ ಮೂರು ಕಡೆ ಹಿರಿಯರಿಗೆ ಪೋಸ್ಟ್‌ಕಾರ್ಡು, ನಕ್ಷೆ, ಕ್ಯಾಮೆರಾ ಕೊಟ್ಟು ಬಂದಿದ್ದರು. 1999ರಲ್ಲಿ ಅದನ್ನು 'ಕಲ್ಚರಲ್ ಪ್ರೋಬ್ಸ್' ಅಂತ ಬರೆದರು. ನಮ್ಮ ಪುಸ್ತಕಗಳಲ್ಲಿ ಒಂದು ಖಾಲಿಯಾಗಿಯೇ ವಾಪಸ್ ಬಂತು.

ಸಂಸ್ಥೆಯವರ ಮುಂದೆ ಕೂತ ದಿನ ಸ್ಲೈಡ್ ಹಾಕುವ ಮೊದಲು ಡಬ್ಬಿಯ ಫೋಟೋ ಮೇಜಿನ ಮೇಲಿಟ್ಟೆ. ಇದರಲ್ಲಿ ರಾತ್ರಿ ಮಾತ್ರೆ ಯಾವುದು ಹೇಳಿ ಅಂದೆ. ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಮೆಸೇಜ್ ಬೇಡ್ವಾ?" ಅಂದರು.

"ಬೇಕು. ಮೊದಲು ಈ ಡಬ್ಬಿ ನೋಡೋಣ" ಅಂದೆ.