ಅಂಪೈರ್ ಹತ್ತಿರ ನಡೆದು ಹೋಗುವುದನ್ನು ನಾನು ಕಲಿತದ್ದು

ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ಪಂದ್ಯದ ಕೊನೆಯ ಇನ್ನಿಂಗ್ಸ್. ನಾವು ಒಂದು ರನ್ ಹಿಂದೆ ಇದ್ದೆವು. ಎರಡು ಔಟ್ ಆಗಿತ್ತು, ಮೂರನೆಯದಾದರೆ ನಮ್ಮ ಸರದಿ ಮುಗಿದಂತೆ. ಮೂರನೇ ಬೇಸ್ ಮೇಲೆ ನಮ್ಮ ತಂಡದಲ್ಲೇ ಜೋರಾಗಿ ಓಡುವ ಹುಡುಗಿ. ಒಂಬತ್ತನೇ ತರಗತಿಯವಳು. ಬ್ಯಾಟ್ ಹಿಡಿದವಳು ಚೆಂಡನ್ನು ಎಡಗಡೆ ಖಾಲಿ ಜಾಗಕ್ಕೆ ಹೊಡೆದಳು, ಇವಳು ಓಡಿ ಬಂದು ಬ್ಯಾಟ್ ಮಾಡುವ ಜಾಗದಲ್ಲಿರುವ ಹೋಮ್ ಪ್ಲೇಟ್ ಮುಟ್ಟಿದಳು. ಅದನ್ನು ಮುಟ್ಟಿದರೆ ಒಂದು ರನ್. ಸಮ ಆಯಿತೆಂದು ನಾವೆಲ್ಲ ಕುಣಿದೆವು. ಆಮೇಲೆ ನೋಡಿದರೆ ಬೇಸ್ ಅಂಪೈರ್ ಕೈ ಎತ್ತಿ ನಿಂತಿದ್ದಾರೆ. ಅವರು 'ಡೆಡ್ ಬಾಲ್', ಅಂದರೆ ಆಟ ಅಲ್ಲಿಗೇ ನಿಂತಿತು, ಎಂದು ಕೂಗಿದ್ದು ನಮ್ಮ ಗದ್ದಲದಲ್ಲಿ ಕೇಳಿಯೇ ಇರಲಿಲ್ಲ. ಚೆಂಡು ಎಸೆಯುವ ಪಿಚರ್ ಅದನ್ನು ಕೈಯಿಂದ ಬಿಡುವ ಮೊದಲೇ ಹುಡುಗಿ ಬೇಸ್ ಬಿಟ್ಟಿದ್ದಾಳೆ, ಔಟ್. ಆಟ ಮುಗಿಯಿತು.

ನಾನು ಓಡಿದೆ. ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. "ನಿಮ್ಮ ತಾಲೂಕಿನ ಟೀಮ್ ಅಂತ ಕೊಟ್ರಿ" ಎಂಬ ಮಾತೂ ಅದರಲ್ಲಿತ್ತು. ಅವರು ತಿರುಗಿ ಒಂದು ಮಾತೂ ಆಡಲಿಲ್ಲ. ಮರಳಿ ಬಂದಾಗ ಹುಡುಗಿ ಅಳುತ್ತಿದ್ದಳು. ಸೋತಿದ್ದಕ್ಕೆ ಅಂದುಕೊಂಡು ಸಮಾಧಾನ ಮಾಡಲು ಹೋದೆ.

"ಸರ್, ನಾ ಲಗೂನ ಬಿಟ್ಟಿದ್ನಿರಿ. ಅವರು ಹೇಳಿದ್ದು ಖರೇನ ಐತ್ರಿ."

ಧಾರವಾಡ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕ. ಹೆಣ್ಣುಮಕ್ಕಳ ಸಾಫ್ಟ್‌ಬಾಲ್ ತಂಡ ಕಟ್ಟಿ ಹಲವು ವರ್ಷ ಆಯಿತು. ನಮ್ಮ ಕಡೆ ಈ ಆಟ ಆಡುವ ಶಾಲೆಗಳು ಕಡಿಮೆ, ನಿಯಮ ಬಲ್ಲವರು ಇನ್ನೂ ಕಡಿಮೆ. ಹಾಗಾಗಿ ಶಾಲಾ ಪಂದ್ಯಗಳಿಗೆ ಅಂಪೈರ್ ಆಗಿ ನಿಲ್ಲುವವರೂ ನಮ್ಮಂಥ ಪಿ.ಟಿ. ಮೇಷ್ಟ್ರುಗಳೇ. ಮುಂಜಾನೆ ಒಂದು ತಂಡಕ್ಕೆ ಕೋಚ್, ಮಧ್ಯಾಹ್ನ ಬೇರೆ ಪಂದ್ಯಕ್ಕೆ ಅಂಪೈರ್. ಜಗಳದ ಬೇರು ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ತೀರ್ಪು ಕೊಟ್ಟವರು ಯಾವ ಊರಿನವರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ತೀರ್ಪು ಸರಿಯೋ ತಪ್ಪೋ ಎಂದು ನೋಡುವ ಮೊದಲೇ ಊರಿನ ಹೆಸರು ಬಾಯಿಗೆ ಬರುತ್ತದೆ. ನನ್ನ ಬಾಯಿಗೂ ಅದೇ ಬಂದಿತ್ತು.

ಮುಂದಿನ ವರ್ಷ ಅಂಪೈರ್ ಆಗಿ ಪ್ಲೇಟ್ ಹಿಂದೆ ನಿಲ್ಲುವ ಕೆಲಸ ನನಗೇ ಬಂತು. ಬಿಸಿಲು, ಮುಖಕ್ಕೆ ಮಾಸ್ಕ್, ಎದೆಗೆ ಪ್ಯಾಡ್. ಹೆಣ್ಣುಮಕ್ಕಳ ಆಟದಲ್ಲಿ ಪಿಚರ್ ನಿಲ್ಲುವ ಜಾಗದಿಂದ ಹೋಮ್ ಪ್ಲೇಟ್‌ಗೆ 43 ಅಡಿ, ಅಂದರೆ ಸುಮಾರು 13 ಮೀಟರ್. ಗಂಟೆಗೆ 70 ಕಿ.ಮೀ. ವೇಗದಲ್ಲಿ ಬಂದ ಚೆಂಡು ಅಷ್ಟು ದೂರ ದಾಟಲು ಮುಕ್ಕಾಲು ಸೆಕೆಂಡೂ ಹಿಡಿಯುವುದಿಲ್ಲ. ಅಷ್ಟರಲ್ಲಿ ಅದು ಪ್ಲೇಟ್ ಮೇಲೆ ಹಾಯಿತೋ ಇಲ್ಲವೋ, ಬ್ಯಾಟ್ ಹಿಡಿದ ಹುಡುಗಿಯ ಎದೆಗೂ ಮೊಣಕಾಲಿಗೂ ನಡುವೆ ಇತ್ತೋ ಇಲ್ಲವೋ ಎರಡನ್ನೂ ಹೇಳಬೇಕು. ಅವಳು ಬ್ಯಾಟ್ ಬೀಸದಿದ್ದಾಗ ಎರಡೂ ಹೌದಾದರೆ ಸ್ಟ್ರೈಕ್, ಇಲ್ಲದಿದ್ದರೆ ಬಾಲ್. ಬೆಂಚಿನಿಂದ "ಸ್ಟ್ರೈಕ್ ರೀ ಅದು!" ಎಂಬ ಕೂಗು ಒಂದೊಂದು ಚೆಂಡಿಗೂ ಬರುತ್ತಿತ್ತು. ಅಲ್ಲಿ ನಿಂತಾಗ ಒಂದು ವಿಷಯ ಸ್ಪಷ್ಟವಾಯಿತು. ಬೆಂಚು ಇರುವುದು ಪಕ್ಕದಲ್ಲಿ. ಅಲ್ಲಿಂದ ಚೆಂಡಿನ ಎತ್ತರ ಕಾಣುತ್ತದೆ, ಅದು ಪ್ಲೇಟ್‌ನ ಒಳಗಿತ್ತೋ ಹೊರಗಿತ್ತೋ ಕಾಣುವುದೇ ಇಲ್ಲ. ಅಷ್ಟು ವರ್ಷ ನಾನು ಕಾಣದ್ದಕ್ಕೆ ಕೂಗಾಡಿದ್ದೆ. ಇನ್ನೊಂದು, ಚೆಂಡು ಪ್ಲೇಟ್ ದಾಟುವಾಗ ಎಲ್ಲಿತ್ತು ಎಂಬುದಷ್ಟೇ ಲೆಕ್ಕ. ಪ್ಲೇಟ್ ಹಿಂದೆ ಕೂತ ಕ್ಯಾಚರ್ ಅದನ್ನು ಹಿಡಿಯುವ ಹೊತ್ತಿಗೆ ಕೆಳಗೆ ಇಳಿದಿರಬಹುದು. ಬೆಂಚಿನಲ್ಲಿದ್ದವರು ನೋಡುವುದು ಮಾತ್ರ ಕ್ಯಾಚರ್ ಗ್ಲೌಸನ್ನೇ.

ಅದೇ ದಿನ ನಾನೂ ತಪ್ಪು ಮಾಡಿದೆ. ಎರಡನೇ ಬೇಸ್‌ನಿಂದ ಬಂದ ಹುಡುಗಿ ಹೋಮ್‌ಗೆ ಜಾರಿದಳು, ಕ್ಯಾಚರ್ ಚೆಂಡನ್ನು ಅವಳಿಗೆ ಮುಟ್ಟಿಸಿದಳು, ನಾನು ಔಟ್ ಎಂದೆ. ಅವಳ ಕೋಚ್ ಟೈಮ್ ಕೇಳಿ, ಅಂದರೆ ಆಟ ನಿಲ್ಲಿಸಲು ಹೇಳಿ, ಬಂದರು. ಗದಗ ಕಡೆಯ ಹಿರಿಯ ಮೇಷ್ಟ್ರು. ಮೆಲ್ಲಗೆ ಕೇಳಿದರು: "ಸರ್, ಚೆಂಡು ಆಕಿ ಕೈಯಾಗ ಉಳದಿತ್ತೇನ್ರಿ? ಬೇಸ್ ಸರ್ ಅವರನ್ನ ಒಮ್ಮೆ ಕೇಳಿ ನೋಡ್ತೀರೇನು?" ಕೇಳಿದೆ. ಚೆಂಡು ಕೆಳಗೆ ಬಿದ್ದಿದ್ದನ್ನು ಬೇಸ್ ಅಂಪೈರ್ ನೋಡಿದ್ದರು. ತೀರ್ಪು ಬದಲಿಸಿದೆ. ಅವರು "ಛಲೋ ಆತ್ರಿ" ಎಂದು ಹೇಳಿ ಹೋದರು. ಅವರು ಓಡಿ ಬಂದು ನನ್ನ ಊರಿನ ಹೆಸರು ಹಿಡಿದು ಬೈದಿದ್ದರೆ ನಾನು ಖಂಡಿತ ಹಟ ಹಿಡಿಯುತ್ತಿದ್ದೆ. ಆ ತಪ್ಪು ಹಾಗೇ ಉಳಿಯುತ್ತಿತ್ತು, ಅವರ ಮಕ್ಕಳಿಗೆ ಒಂದು ರನ್ ಹೋಗುತ್ತಿತ್ತು. ಅಂದಿನಿಂದ ಕ್ಯಾಚರ್ ಚೆಂಡು ತೋರಿಸುವ ತನಕ ನಾನು ಕೈ ಎತ್ತುವುದಿಲ್ಲ.

ಆ ಮೇಷ್ಟ್ರು ಮಾಡಿದ್ದನ್ನೇ ನಾನು ರೂಢಿ ಮಾಡಿಕೊಂಡೆ. ಮೊದಲು ಟೈಮ್ ಕೇಳುವುದು. ಓಡದೆ ನಡೆದು ಹೋಗುವುದು. ಯಾರು ತೀರ್ಪು ಕೊಟ್ಟರೋ ಅವರ ಹತ್ತಿರವೇ ಹೋಗುವುದು, ಇನ್ನೊಬ್ಬ ಅಂಪೈರ್ ಕಡೆ ಹೋಗಿ ಚಾಡಿ ಹೇಳುವುದಿಲ್ಲ. "ನೀವೇನು ನೋಡಿದ್ರಿ ಸರ್?" ಎಂಬುದೇ ಮೊದಲ ಮಾತು. ಅವರು ಹೇಳಿದ್ದು ಕಣ್ಣಿಗೆ ಕಂಡ ವಿಷಯವಾದರೆ, ಅಂದರೆ ಸ್ಟ್ರೈಕೋ ಬಾಲೋ, ಕಾಲು ಮೊದಲೋ ಚೆಂಡು ಮೊದಲೋ ಎಂಬುದಾದರೆ, ಮಾತು ಅಲ್ಲಿಗೆ ಮುಗಿಯಿತು. ಅದರ ಮೇಲೆ ಪ್ರೊಟೆಸ್ಟ್ ಮಾಡಲು ನಿಯಮದಲ್ಲೇ ಅವಕಾಶ ಇಲ್ಲ. ನಿಯಮವನ್ನು ತಪ್ಪಾಗಿ ಹಚ್ಚಿದ್ದರೆ ಮಾತ್ರ ಕೇಳಬಹುದು. ಅದೂ ಮುಂದಿನ ಚೆಂಡು ಎಸೆಯುವ ಮೊದಲು.

ಹೀಗೆ ಕೇಳಿ ಸರಿಪಡಿಸಿಕೊಂಡದ್ದೂ ಇದೆ. ಒಮ್ಮೆ ಎದುರು ತಂಡದವಳಿಗೆ ಮೂರನೇ ಸ್ಟ್ರೈಕ್ ಆಯಿತು, ನಮ್ಮ ಕ್ಯಾಚರ್ ಕೈಯಿಂದ ಚೆಂಡು ಜಾರಿತು. ಹಾಗೆ ಜಾರಿದಾಗ ಬ್ಯಾಟರ್ ಓಡಲು ಅವಕಾಶ ಇರುವುದುಂಟು. ಆ ಬ್ಯಾಟರ್ ಮೊದಲ ಬೇಸ್‌ಗೆ ಓಡಿದಳು, ಅಂಪೈರ್ ಸೇಫ್, ಅಂದರೆ ಔಟ್ ಅಲ್ಲ, ಎಂದು ಕೊಟ್ಟರು. ಆದರೆ ಮೊದಲ ಬೇಸ್‌ನಲ್ಲಿ ಆಗಲೇ ಒಬ್ಬಳಿದ್ದಳು, ಔಟ್ ಆಗಿದ್ದು ಒಂದೇ. ಹಾಗಿದ್ದಾಗ ಕ್ಯಾಚರ್ ಚೆಂಡು ಬಿಟ್ಟರೂ ಬ್ಯಾಟರ್ ಔಟೇ. ಎರಡು ಔಟ್ ಆಗಿದ್ದರೆ ಮಾತು ಬೇರೆ. ನಾನು ಟೈಮ್ ಕೇಳಿ ಹೋಗಿ "ಸರ್, ಎಷ್ಟು ಔಟ್ ಆಗ್ಯಾವ್ರಿ? ಫಸ್ಟ್ ಬೇಸ್ ಖಾಲಿ ಇತ್ತೇನ್ರಿ?" ಎಂದಷ್ಟೇ ಕೇಳಿದೆ. ಅವರು ಒಂದು ನಿಮಿಷ ಸುಮ್ನೆ ನಿಂತರು, ಜೊತೆಯವರ ಹತ್ತಿರ ಮಾತಾಡಿದರು, ಔಟ್ ಕೊಟ್ಟರು. ನಿಯಮ ಅವರಿಗೂ ಗೊತ್ತಿತ್ತು. ಗಡಿಬಿಡಿಯಲ್ಲಿ ಮರೆತಿದ್ದರು.

ಇನ್ನು ಅರ್ಧ ಜಗಳ ಆಟದ ಮೊದಲೇ ತಪ್ಪಿಸಬಹುದು. ನಮ್ಮ ಮೈದಾನಗಳಿಗೆ ಬೇಲಿ ಇಲ್ಲ. ಒಂದು ಕಡೆ ಗಟಾರ, ಒಂದು ಕಡೆ ಬೇವಿನ ಮರ, ಎಲ್ಲೋ ಒಂದು ಕಡೆ ನಿಲ್ಲಿಸಿದ ಬೈಕುಗಳು. ಪ್ಲೇಟ್ ಹತ್ತಿರ ಎರಡೂ ಕಡೆಯವರು ಸೇರಿದಾಗ ಆಟಗಾರ್ತಿಯರ ಪಟ್ಟಿ ಕೊಟ್ಟು ಬಂದರೆ ಸಾಲದು. ಆಡುವ ಜಾಗ ಎಲ್ಲಿಗೆ ಮುಗಿಯುತ್ತದೆ ಎಂದು ಕೈ ತೋರಿಸಿ ಕೇಳಬೇಕು. ಎಸೆದ ಚೆಂಡು ಆ ಗೆರೆ ದಾಟಿದರೆ ಓಟಗಾರ್ತಿಗೆ ಎರಡು ಬೇಸ್ ಸಿಗುತ್ತದೆ. ಗಟಾರ ಗೆರೆಯ ಒಳಗೋ ಹೊರಗೋ ಎಂದು ಆರನೇ ಇನ್ನಿಂಗ್ಸ್‌ನಲ್ಲಿ ಚರ್ಚೆ ಮಾಡಿದರೆ ಜಗಳ ಆಗದೆ ಇರುತ್ತದಾ?

ಅಂಪೈರ್ ಆಗಿ ನಿಲ್ಲುವ ಗೆಳೆಯರಿಗೂ ಒಂದು ಮಾತು. ಕೋಚ್ ಮರ್ಯಾದೆಯಿಂದ ಕೇಳಿದಾಗ ಒಂದು ವಾಕ್ಯದ ಉತ್ತರ ಕೊಡಿ. "ಹೋಗ್ರಿ ಹೋಗ್ರಿ" ಎಂದು ಕೈ ಬೀಸಬೇಡಿ. ಮಕ್ಕಳ ಮೇಲೆ ಅಂತೂ ಗದರಲೇಬೇಡಿ. ಎಷ್ಟೋ ಹುಡುಗಿಯರು ಮನೆಯಲ್ಲಿ ಒಪ್ಪಿಸಿ, ರೊಟ್ಟಿ ಬಡಿದಿಟ್ಟು, ಮೊದಲ ಬಸ್ಸು ಹಿಡಿದು ಬಂದಿರುತ್ತಾರೆ.

ನಮ್ಮ ತಂಡದಲ್ಲಿ ಜಾಸ್ತಿ ಬದಲಾವಣೆ ತಂದದ್ದು ಶನಿವಾರದ ಆಟ. ಮುಂಜಾನೆ ಶಾಲೆ ಬಿಟ್ಟ ಮೇಲೆ ನಮ್ಮಲ್ಲೇ ಎರಡು ತಂಡ ಮಾಡಿ ಆಡುತ್ತೇವೆ. ಪ್ರತಿ ವಾರ ಇಬ್ಬರು ಹುಡುಗಿಯರು ಅಂಪೈರ್. ಬಾಲ್, ಸ್ಟ್ರೈಕ್ ಎಣಿಸುವ ಇಂಡಿಕೇಟರ್ ನಮ್ಮ ಹತ್ತಿರ ಇರಲಿಲ್ಲ. ಅದಕ್ಕೆ ಹುಣಸೆ ಬೀಜ ಕೊಟ್ಟೆ. ಬಾಲ್ ಆದರೆ ಎಡಗಿಸೆಗೆ ಒಂದು, ಸ್ಟ್ರೈಕ್ ಆದರೆ ಬಲಗಿಸೆಗೆ ಒಂದು. ಮೊದಲ ವಾರ ಅಂಪೈರ್ ಆದವಳು ಅರ್ಧ ತಾಸಿಗೇ "ಸರ್, ಎಲ್ಲಾರೂ ನನಗ ಬೈಯಾಕತ್ಯಾರ್ರಿ" ಎಂದು ಮಾಸ್ಕ್ ತೆಗೆದಳು. ಅವಳನ್ನು ಮತ್ತೆ ನಿಲ್ಲಿಸಿದೆ. ಬೈದವಳನ್ನು ಮುಂದಿನ ವಾರ ನಿಲ್ಲಿಸಿದೆ. ಎರಡು ತಿಂಗಳಲ್ಲಿ ಬೆಂಚಿನ ಕೂಗು ತಾನಾಗೇ ಕಡಿಮೆ ಆಯಿತು. ಈಗ ಪಂದ್ಯದಲ್ಲಿ ಅಂಪೈರ್ ಜೊತೆ ನಾನು ಮತ್ತು ಕ್ಯಾಪ್ಟನ್ ಬಿಟ್ಟು ಬೇರೆ ಯಾರೂ ಮಾತಾಡುವುದಿಲ್ಲ.

ನಾನು ಬೈದಿದ್ದ ಆ ಬೇಸ್ ಅಂಪೈರ್ ಎರಡು ವರ್ಷದ ಮೇಲೆ ಹಾವೇರಿಯಲ್ಲಿ ಸಿಕ್ಕರು. ಮೈದಾನದ ಹೊರಗೆ ಗಿರಮಿಟ್ ತಿನ್ನುತ್ತ ನಿಂತಿದ್ದರು. ಹತ್ತಿರ ಹೋಗಿ "ಅವತ್ತು ನನ್ನದು ತಪ್ಪಾತ್ರಿ ಸರ್" ಎಂದೆ. ಅವರು ತಟ್ಟೆ ಪಕ್ಕಕ್ಕೆ ಇಟ್ಟು ನನ್ನ ಕೈ ಹಿಡಿದುಕೊಂಡರು. ಕೇಳಿದ್ದು ಒಂದೇ ಮಾತು: "ಆ ಹುಡುಗಿ ಆಡೂದು ಬಿಟ್ಲೇನ್ರಿ?"

ಬಿಟ್ಟಿಲ್ಲ. ಧಾರವಾಡದಲ್ಲಿ ಕಾಲೇಜಿಗೆ ಹೋಗುತ್ತಾಳೆ, ಬಿಡುವಿದ್ದ ಶನಿವಾರ ಬಂದು ನಮ್ಮ ಚಿಕ್ಕ ಮಕ್ಕಳಿಗೆ ಅಂಪೈರ್ ಆಗಿ ನಿಲ್ಲುತ್ತಾಳೆ. ಕಳೆದ ತಿಂಗಳು ಒಬ್ಬ ಓಟಗಾರ್ತಿ ಲಗೂನ ಬೇಸ್ ಬಿಟ್ಟಳೆಂದು ಔಟ್ ಕೊಟ್ಟಳು. ನಾನು ಬೆಂಚಿನಿಂದ ಎದ್ದು ಎರಡು ಹೆಜ್ಜೆ ಹಾಕಿದ್ದೆ.

"ಟೈಮ್ ಕೇಳಿ ಬರ್ರಿ ಸರ್" ಎಂದಳು.

ಟೈಮ್ ಕೇಳಿದೆ. ಕೊಟ್ಟಳು. ನಡೆದು ಹೋಗಿ, "ಏನ್ ನೋಡಿದಿವಾ?" ಎಂದು ಕೇಳಿದೆ.